ಕಿತ್ತಳೆ ಗೀಟು

"ಪಕ್ಕಕ್ಕೆ ಸರಿ ಡೋಲನ್! ಇಲ್ಲಾಂದ್ರೆ ಕೊಚ್ಚಿ ಹಾಕ್ಬಿಡ್ತೀನಿ!"

ಹಾಗೆ ಕಿರುಚಿದವನು ಡಾಕ್ಟರ್ ವರ್ಲಿನ್ ಹ್ಯಾಲ್ವರ್ಸನ್. ಹಲ್ಲಿನ ಡಾಕ್ಟರ್! ಇಪ್ಪತ್ತು ವರ್ಷದಿಂದ ನಮ್ಮ ನೆಬ್ರಾಸ್ಕಾದ ಜನಕ್ಕೆ "ಏನೂ ನೋವಾಗಲ್ಲ" ಎಂದು ಸುಳ್ಳು ಹೇಳಿ ಹೇಳಿ ಪಳಗಿದವನು.

ನನ್ನ ಮೂಗಿನಿಂದ ಆರಡಿ ದೂರದಲ್ಲಿ ಅವನ ವಿಮಾನದ ಪ್ರೊಪೆಲ್ಲರ್ ತಿರುಗುತ್ತಿತ್ತು. ನನ್ನ ಹ್ಯಾಟು ಆಗಲೇ ಹಾರಿ ಹೋಗಿ ಜೋಳದ ಹೊಲ ಸೇರಿತ್ತು.

ನಾನು ಸರಿಯಲಿಲ್ಲ.

ಧೈರ್ಯ ಅಂದುಕೊಳ್ಳಬೇಡಿ... ಕಾಲು ಏಳುತ್ತಿರಲಿಲ್ಲ, ಅಷ್ಟೇ.

"ಇಂಜಿನ್ ಆಫ್ ಮಾಡಿ ಡಾಕ್ಟ್ರೇ! ನಿಮ್ಮ ಹೆಂಡ್ತೀನ ಕೆಳಗಿಳಿಸಿ!"

ಅವನ ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಕಾರ್ಲಿಸ್ ಕೂತಿದ್ದಳು. ತಲೆಗೆ ನೀಲಿ ಸ್ಕಾರ್ಫ್ ಕಟ್ಟಿಕೊಂಡು ಬಂದಿದ್ದಳು. ಎಂಟು ವರ್ಷ ಆ ವಿಮಾನ ಅವರ ಮನೆಯ ಗ್ಯಾರೇಜಿನಲ್ಲಿತ್ತು. ಎಂಟು ವರ್ಷ ಆಕೆಯ ಕಾರು ಹೊರಗೆ ಹಿಮದಲ್ಲಿತ್ತು. ಇವತ್ತು ಮೊದಲ ಸಲ ಗಂಡ ಆಕೆಯನ್ನು ಆಕಾಶಕ್ಕೆ ಕರೆದುಕೊಂಡು ಹೋಗುವವನಿದ್ದ.

ಆಕೆಯ ಸೀಟಿನ ಕೆಳಗೆ ನಾಲ್ಕು ನಟ್‌ಗಳಿದ್ದವು. ಆ ನಾಲ್ಕನ್ನೂ ಯಾರೂ ಬಿಗಿ ಮಾಡಿರಲಿಲ್ಲ. ಅದು ಆಕೆಗೆ ಗೊತ್ತಿರಲಿಲ್ಲ.

ಗೊತ್ತಿದ್ದವನು ಬೆಳಿಗ್ಗೆ ಆರೂವರೆಗೆ ನನಗೆ ಫೋನ್ ಮಾಡಿದ್ದ.

ನನ್ನ ಕೆಲಸ ಏನು ಅಂತೀರಾ? ಜನ ಮನೆಯಲ್ಲಿ ಕಟ್ಟಿಕೊಂಡ ಪುಟ್ಟ ವಿಮಾನಗಳನ್ನು ಪರೀಕ್ಷೆ ಮಾಡುವುದು. ಮಾರುವ ಮುಂಚೆ ಕೊಳ್ಳುವವನ ಪರವಾಗಿ. ಬಿದ್ದ ಮೇಲೆ ವಿಮಾ ಕಂಪನಿಯ ಪರವಾಗಿ. ಎರಡನೆಯ ಕೆಲಸದಲ್ಲಿ ಚೌಕಾಸಿ ಮಾಡುವವರು ಕಡಿಮೆ.

ಫೋನ್ ಮಾಡಿದವನು ಎಮಿಲ್ ಸ್ಟರ್ನಾಡ್. ಎಪ್ಪತ್ತು ದಾಟಿದ ಮೆಕ್ಯಾನಿಕ್. ಮುನ್ನೂರು ಮೈಲಿ ಆಚೆ ಅವನ ಊರು.

"ಡೋಲನ್, ಆ ಹಲ್ಲು ಕೀಳೋನ ವಿಮಾನ ಕಟ್ಟಿದ್ದು ನಾನು ಕಣೋ."

"ಗೊತ್ತು."

"ಹೆಂಗೆ ಗೊತ್ತು? ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ನನ್ನ ಕೈಲಿ ಸಹಿ ಹಾಕಿಸ್ಕೊಂಡಿದ್ದ!"

"ತಾನೇ ಕಟ್ಟಿದ್ದು ಅಂತ ತೋರಿಸೋ ಅವನ ಆಲ್ಬಮ್ ನೋಡಿದೀನಿ ಎಮಿಲ್. ಎಂಟು ವರ್ಷದ ಫೋಟೋ. ಎಲ್ಲದ್ರಲ್ಲೂ ಅದೇ ಅಂಗಿ, ಹೆಬ್ಬೆಟ್ಟಿಗೆ ಅದೇ ಬ್ಯಾಂಡೇಜು."

ಸರ್ಕಾರದ ಕಾಯಿದೆ ಸರಳವಾಗಿದೆ. ಮನೆಯಲ್ಲಿ ಕಟ್ಟಿದ ವಿಮಾನ ಅನ್ನಿಸಿಕೊಳ್ಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳು ತಮ್ಮ ಕೈಯಾರೆ ಮಾಡಿರಬೇಕು. ಹಾಗೆ ಕಟ್ಟಿದವನಿಗೆ ಒಂದು ಸರ್ಟಿಫಿಕೇಟು ಸಿಗುತ್ತದೆ. ಅದಿದ್ದರೆ ತನ್ನ ವಿಮಾನದ ವಾರ್ಷಿಕ ತಪಾಸಣೆಗೆ ತಾನೇ ಸಹಿ ಹಾಕಬಹುದು. ಕಟ್ಟಿದವನಿಗೆ ತನ್ನ ವಿಮಾನದ ಒಂದೊಂದು ನಟ್ಟೂ ಗೊತ್ತಿರುತ್ತದೆ ಎಂಬ ನಂಬಿಕೆ!

ನಮ್ಮ ಡಾಕ್ಟರಿಗೆ ಎಮಿಲ್‌ನ ಫೋನ್ ನಂಬರ್ ಗೊತ್ತಿತ್ತು. ಅಷ್ಟೇ.

"ಗುರುವಾರ ತಪಾಸಣೆಗೆ ಅಂತ ಬಿಚ್ಚಿದ್ದೆ," ಎಂದ ಎಮಿಲ್. "ಬಲಗಡೆ ಸೀಟಿನ ಕೆಳಗೆ, ಸ್ಟಿಕ್ ಜಗ್ಗಿದ್ರೆ ವಿಮಾನದ ಮೂತಿ ಮೇಲೆ ಕೆಳಗೆ ಮಾಡೋ ಸರಳು ಇದ್ಯಲ್ಲ, ಅದರ ನಾಲ್ಕು ಬೋಲ್ಟು. ಹೊಸ ನಟ್ ಬರೋತನ್ಕ ಇರ್ಲಿ ಅಂತ ಹಳೇದನ್ನೇ ಬೆರಳಲ್ಲಿ ತಿರುಗ್ಸಿ ಬಿಟ್ಟಿದ್ದೆ. ಅಷ್ಟ್ರಲ್ಲಿ ಅವನ ಕ್ಲಬ್ಬಿನೋರು ಬಂದ್ರು. ನನ್ನ ಶೆಡ್ಡಿನ ಹಿಂದಿನ ಬಾಗಿಲಿಂದ ಅಟ್ಟಿಬಿಟ್ಟ! ಆಮೇಲೆ ಕರೀತೀನಿ ಅಂದ. ಕರೀಲಿಲ್ಲ. ನನ್ನ ಫೋನೂ ಎತ್ತುತಿಲ್ಲ. ಇವತ್ತು ಹೆಂಡ್ತೀನ ಕೂರಿಸ್ಕೊಂಡು ಹಾರ್ತಾನಂತೆ!"

"ಗೀಟು ಹಾಕಿದ್ಯಾ?"

"ಬಿಗಿ ಮಾಡ್ದೇ ಇರೋ ನಟ್‌ಗೆ ಗೀಟು ಹಾಕ್ತೀನೇನೋ? ನನ್ನ ಏನಂದ್ಕೊಂಡಿದೀಯ!"

ಈ ಗೀಟಿನ ವಿಷಯ ಹೇಳಬೇಕು. ನಟ್ ಅಳತೆಗೆ ಸರಿಯಾಗಿ ಬಿಗಿಯಾದ ಮೇಲೆ, ನಟ್‌ನಿಂದ ಬೋಲ್ಟಿನ ಮೇಲೆ ಹಾಯುವ ಹಾಗೆ ಬಣ್ಣದ ಒಂದು ಸಣ್ಣ ಗೀಟು ಎಳೆಯುತ್ತಾರೆ. ನಟ್ ಸಡಿಲವಾಗಿ ತಿರುಗಿದರೆ ಗೀಟು ತುಂಡಾಗಿ ಕಾಣುತ್ತದೆ. ಗೀಟೇ ಇಲ್ಲದಿದ್ದರೆ ಕೆಲಸ ಮುಗಿದಿಲ್ಲ ಎಂದರ್ಥ. ಈ ಹವ್ಯಾಸದಲ್ಲಿ ಅದಕ್ಕಿಂತ ಪವಿತ್ರವಾದದ್ದು ಇನ್ನೊಂದಿಲ್ಲ. ಎಮಿಲ್ ಯಾವಾಗಲೂ ಹಳದಿ ಬಣ್ಣ ಬಳಸುತ್ತಿದ್ದ.

ನಾನು ಪಿಕಪ್ ಓಡಿಸಿದೆ. ಒಂದು ಸಮಾಧಾನ ಇತ್ತು... ಗೀಟಿಲ್ಲದ ನಾಲ್ಕು ನಟ್ ಯಾವ ಕುರುಡನಿಗಾದರೂ ಕಂಡೀತು!

ಹುಲ್ಲಿನ ರನ್‌ವೇ ಪಕ್ಕದಲ್ಲಿ ಶನಿವಾರದ ಪ್ಯಾನ್‌ಕೇಕ್ ಕೂಟ ಭರ್ಜರಿಯಾಗಿ ನಡೆದಿತ್ತು. ಇನ್ನೂರು ಜನ. ನಲವತ್ತು ವಿಮಾನ. ಮನೆಯಲ್ಲಿ ಹೆಂಡತಿ ಹಾಕಿಕೊಡುವ ಪ್ಯಾನ್‌ಕೇಕ್ ಬಿಟ್ಟು, ಅದಕ್ಕಿಂತ ಕೆಟ್ಟದ್ದನ್ನು ತಿನ್ನಲು ನೂರು ಮೈಲಿ ಹಾರಿ ಬಂದ ಮಹನೀಯರು! ಒಬ್ಬ ರಿವೆಟ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಿದ್ದ. ಇನ್ನೊಬ್ಬ ಕಣ್ಣು ತೇವ ಮಾಡಿಕೊಂಡು ಕೇಳುತ್ತಿದ್ದ.

ನಡುವೆ ಹ್ಯಾಲ್ವರ್ಸನ್‌ನ ವಿಮಾನ. ಬಿಳಿ ಮೈ, ಕಿತ್ತಳೆ ಪಟ್ಟೆ. ಮನೆಯಲ್ಲಿ ಕಟ್ಟಿದ ವಿಮಾನಗಳ ಸ್ಪರ್ಧೆಯ ತೀರ್ಪುಗಾರರು ಟಾರ್ಚು ಹಿಡಿದು ಇಂಜಿನ್ನಿನೊಳಗೆ ಇಣುಕುತ್ತಿದ್ದರು.

ನಾನೂ ಇಣುಕಿದೆ.

ಎಲ್ಲೂ ಹಳದಿ ಇಲ್ಲ! ಎಲ್ಲ ನಟ್‌ಗಳ ಮೇಲೂ ಕಿತ್ತಳೆ ಗೀಟು. ಒಂದೇ ಅಳತೆ, ಒಂದೇ ದಪ್ಪ.

"ಹಳದಿ ಎಲ್ಲಿ ಹೋಯ್ತು ಡಾಕ್ಟ್ರೇ?"

"ಹಳದಿ ನಮ್ಮ ವಿಮಾನಕ್ಕೆ ಒಪ್ಪಲ್ಲ," ಎಂದು ಹಲ್ಲು ಕಿರಿದ. "ನಿನ್ನೆ ಕ್ಲಿನಿಕ್ಕಿಗೆ ರಜಾ ಹಾಕಿ ಒಂದೊಂದಕ್ಕೂ ನಾನೇ ಬಳಿದೆ. ನನ್ನ ಕೈ ನೋಡು, ಸ್ವಲ್ಪಾನೂ ನಡುಗಲ್ಲ!"

"ಸೀಟಿನ ಕೆಳಗಿನದ್ದಕ್ಕೂ?"

"ಅದಕ್ಕೂ! ಅಲ್ಲಿ ನಾಲ್ಕಕ್ಕೆ ಬಣ್ಣಾನೇ ಇರ್ಲಿಲ್ಲ. ಮುದುಕ ಮರೆತು..."

ಮುಖ ಪ್ಯಾನ್‌ಕೇಕ್ ಹಿಟ್ಟಿನ ಬಣ್ಣಕ್ಕೆ ತಿರುಗಿತು.

ಬಿಗಿ ಮಾಡಿಲ್ಲ ಎಂದು ಎಮಿಲ್ ಬಿಟ್ಟಿದ್ದ. ಬಣ್ಣ ಮರೆತಿದ್ದಾನೆ ಎಂದು ಇವನು ಬಳಿದಿದ್ದ! ತಪಾಸಣೆಗೆ ಸಹಿಯನ್ನೂ ಗೀಚಿದ್ದ.

"ಅವು ಸಡಿಲ ಇವೆ," ಎಂದೆ. "ಮುಚ್ಚಳ ತೆಗೀರಿ. ಐದೇ ನಿಮಿಷ."

"ಇಷ್ಟು ಜನರ ಮುಂದೆ?"

"ಇಷ್ಟು ಜನರ ಮುಂದೆ ಬೀಳೋದು ವಾಸಿನಾ?"

"ನಲವತ್ತು ಗಂಟೆ ಹಾರಿದೆ ಕಣಯ್ಯಾ ಇದು!"

"ಗುರುವಾರ ಬಿಚ್ಚಿದ ಮೇಲೆ ಎಷ್ಟು ಹಾರಿದೆ?"

"ಗುರುವಾರ ಬಿಚ್ಚಿದ್ರು ಅಂತ ನಿಂಗೆ ಯಾರು ಹೇಳಿದ್ದು?" ಅವನ ಕಣ್ಣು ಕಿರಿದಾಯಿತು. "ಓಹೋ... ನನ್ನ ಮಾನ ಕಳೆಯೋಕೆ ಆ ಮುದುಕ ಕಳಿಸಿದ್ನಾ? ಹೋಗ್ ಹೋಗು!"

ತಿರುಗಿ ಓಡಿದ. ಕಾರ್ಲಿಸ್ ಆಗಲೇ ಒಳಗೆ ಕೂತಿದ್ದಳು. ಬಾಗಿಲು ಬಿತ್ತು, ಇಂಜಿನ್ ಗುಡುಗಿತು.

ನಾನು ಓಡಿ ಹೋಗಿ ಪ್ರೊಪೆಲ್ಲರ್ ಮುಂದೆ ನಿಂತದ್ದು ಹೀಗೆ.

ನಿಂತು ಏನು ಸಾಧಿಸಿದೆ? ಏನೂ ಇಲ್ಲ! ಅವನು ಬ್ರೇಕ್ ಒತ್ತಿ ವಿಮಾನವನ್ನು ಗಿರ್ರನೆ ತಿರುಗಿಸಿದ. ರೆಕ್ಕೆಯ ತುದಿ ನನ್ನ ತಲೆಗೆ ಬಡಿಯುವುದರಲ್ಲಿತ್ತು. ನಾನು ನೆಲಕ್ಕೆ ಬಿದ್ದೆ. ಎದ್ದಾಗ ಬಾಯಲ್ಲಿ ಹುಲ್ಲಿತ್ತು. ವಿಮಾನ ಮೇಲಿತ್ತು.

ಪಿಕಪ್‌ನಿಂದ ಕೈ ರೇಡಿಯೋ ಕಿತ್ತುಕೊಂಡೆ.

"ಹ್ಯಾಲ್ವರ್ಸನ್! ಕೆಳಗಿಳಿ! ತಕ್ಷಣ!"

ಉತ್ತರವಿಲ್ಲ. ನನ್ನ ದನಿ ಕೇಳಿದೊಡನೆ ರೇಡಿಯೋ ತಗ್ಗಿಸಿದ್ದ.

"ಏನೋ ಡೋಲನ್, ಹುಲ್ಲು ಮೇಯ್ತಾ ಇದೀಯಾ?"

ಓರ್ಫಾ ಕೆಸಲ್. ಎಪ್ಪತ್ತೆರಡು ವರ್ಷ. ಬಾಯಲ್ಲಿ ಸಾಸೇಜು. ಟರ್ಕಿ ಕೋಳಿಯ ಕೊಟ್ಟಿಗೆಯಲ್ಲಿ, ಒಬ್ಬಳೇ, ಹನ್ನೊಂದು ವರ್ಷ ಕೂತು ವಿಮಾನ ಕಟ್ಟಿದವಳು. ಬಟ್ಟೆ ಹೊದಿಸಿದ ಮೈ, ಹಳೇ ಕಾರಿನ ಇಂಜಿನ್, ಮೇಲೆ ಮುಚ್ಚಳವೇ ಇಲ್ಲ. ಗಂಟೆಗೆ ಎಪ್ಪತ್ತು ಮೈಲಿ ಹೋಗುತ್ತದೆ, ಇಳಿಜಾರು ಸಿಕ್ಕರೆ.

ಎರಡೇ ಮಾತಿನಲ್ಲಿ ವಿಷಯ ಹೇಳಿದೆ. ಸಾಸೇಜು ಉಗಿದಳು.

"ನನ್ನ ವಿಮಾನ ಹತ್ತು! ಯಾಕೆ ನಿಂತಿದೀಯ?"

"ಅವನನ್ನ ಹಿಡಿಯೋಕಾಗುತ್ತಾ?"

"ಹಿಡಿಯೋದ್ಯಾಕೆ? ಅಲ್ನೋಡು. ಫೋಟೋದವನು ಲಾರಿ ಮೇಲೆ ನಿಂತವ್ನೆ. ಹಲ್ಲಿನವನು ರನ್‌ವೇ ಮೇಲೆ ತಗ್ಗಲ್ಲಿ ಹಾರಿ ಪೋಸ್ ಕೊಡ್ದೇ ಹೋಗ್ತಾನಾ? ನಾವು ಆ ಫೋಟೋಗೆ ಅಡ್ಡ ಹೋದ್ರೆ ಸಾಕು. ಬಯ್ಯೋಕಾದ್ರೂ ರೇಡಿಯೋ ಹಾಕ್ತಾನೆ!"

ಇಂಜಿನ್ ಕೆಮ್ಮಿತು. ಎದ್ದಿತು. ನಾವು ಮೇಲೇರಿದೆವು; ಹಿಂದಿನ ಸೀಟಿನಲ್ಲಿ ನನ್ನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

ಓರ್ಫಾ ಹೇಳಿದ್ದು ನಿಜ. ಅವನು ದೂರದಲ್ಲಿ ತಿರುಗಿ ರನ್‌ವೇ ಕಡೆಗೆ ಇಳಿದು ಬಂದ. ವೇಗವಾಗಿ. ಬೆಳ್ಳಗೆ. ಚಂದವಾಗಿ.

ಓರ್ಫಾ ಸೀದಾ ಅವನ ಮೂತಿಗೇ ಹೊರಟಳು!

"ಓರ್ಫಾ..."

"ಸುಮ್ನಿರು."

"ಓರ್ಫಾ! ಅವನು ಸ್ಟಿಕ್ ಜಗ್ಗಿದ್ರೆ ಬೋಲ್ಟ್ ಕಿತ್ಕೊಂಡು ಬರುತ್ತೆ!"

"ಗೊತ್ತು ಕಣೋ! ಪಕ್ಕಕ್ಕೆ ಸರಿಯೋದು ನಾನೇ!"

ಕೊನೇ ಗಳಿಗೆಯಲ್ಲಿ ಮುದುಕಿ ಬಲಕ್ಕೆ ವಾಲಿದಳು. ಬಿಳಿ ರೆಕ್ಕೆ ನಮ್ಮ ಪಕ್ಕದಿಂದ ಸುಯ್ಯೆಂದು ಹೋಯಿತು. ನನ್ನ ಜೀವ ಎಲ್ಲೋ ಹಿಂದೆ ಉಳಿದುಬಿಟ್ಟಿತ್ತು.

ರೇಡಿಯೋ ಸಿಡಿಯಿತು.

"ತಲೆ ಕೆಟ್ಟಿದ್ಯಾ ಮುದ್ಕಿ! ನನ್ನ ಫೋಟೋ!"

ಹೆಂಡತಿಯ ಜೀವ ಅಂದಾಗ ಬಾಯಿ ಬಿಡಲಿಲ್ಲ. ಫೋಟೋ ಅಂದಾಗ ಬಿಟ್ಟ!

ನಾನು ಅವನ ಜೊತೆ ಮಾತಾಡಲಿಲ್ಲ. ಹಿಂದಿನ ಸೀಟಿನಿಂದ ರೇಡಿಯೋಗೆ ಬಾಯಿಟ್ಟು ಕೂಗಿದೆ.

"ಕಾರ್ಲಿಸ್ ಅಮ್ಮಾ, ನಿಮ್ಮ ಸೀಟಿನ ಕೆಳಗಿನ ನಟ್ ಸಡಿಲ ಇವೆ. ಪಕ್ಕಕ್ಕೆ ಸರಿದು ದಿಂಬು ಎತ್ತಿ. ಮುಚ್ಚಳದ ತಿರುಪನ್ನ ಒಂದು ನಾಣ್ಯದಲ್ಲಿ ತಿರುಗ್ಸಿ."

"ಅವನ ಮಾತು ಕೇಳ್ಬೇಡ ಚಿನ್ನ, ಅವನು ಹೊಟ್ಟೆಕಿಚ್ಚಿನ..."

"ವರ್ಲಿನ್, ಬಾಯ್ ಮುಚ್ಚು." ಆಕೆಯ ದನಿ ಮೆತ್ತಗಿತ್ತು. "ತಡೀರಿ ಡೋಲನ್."

ನಾವು ಕಾದೆವು. ಅವರ ವಿಮಾನ ಮೇಲೇರಿ ದೊಡ್ಡದಾಗಿ ಸುತ್ತುತ್ತಿತ್ತು.

"ತೆಗೆದೆ," ಎಂದಳು. "ನಟ್ ಎಷ್ಟಿರ್ಬೇಕು?"

"ನಾಲ್ಕು."

"ಎರಡಿದೆ. ಉಳಿದೆರಡು ಕೆಳಗೆ ಉರುಳಾಡ್ತಿವೆ. ಗೀಟು ಮಾತ್ರ ಚೆನ್ನಾಗಿ ಹಾಕಿದಾರೆ."

"ಬೋಲ್ಟು?"

"ಒಂದು ಇಲ್ಲ... ಇನ್ನೊಂದು ಅರ್ಧ ಹೊರಗಿದೆ. ಇವನು ಸ್ಟಿಕ್ ಅಲ್ಲಾಡಿಸಿದಾಗೆಲ್ಲ ಇನ್ನಷ್ಟು ಬರ್ತಿದೆ!"

ಸರಳಿನ ಆ ತುದಿಯನ್ನು ಹಿಡಿದಿದ್ದದ್ದು ಆ ಎರಡೇ ಬೋಲ್ಟು; ಇದೂ ಬಿದ್ದರೆ ಮೂತಿ ಎತ್ತಲು ದಾರಿಯಿಲ್ಲ. ಒಂಬೈನೂರು ಅಡಿ. ಕೆಳಗೆ ಜೋಳ.

"ಒಳಗೆ ತಳ್ಳಿ! ಹೆಬ್ಬೆರಳು, ತೋರುಬೆರಳಲ್ಲಿ ಎರಡೂ ಕಡೆಯಿಂದ ಹಿಡೀರಿ. ಸರಳು ಓಡಾಡುವಾಗ ಬೆರಳು ಜಜ್ಜುತ್ತೆ... ಬಿಡಬೇಡಿ!"

"ಹಿಡಿದೆ."

ಈಗ ಡಾಕ್ಟರ್ ಬಾಯಿಬಿಟ್ಟ. ಹಲ್ಲು ಕೀಳಿಸಿಕೊಳ್ಳಲು ಬಂದವನ ದನಿ.

"ಕಾರ್ಲಿಸ್... ನಾನೀಗ ಏನ್ ಮಾಡ್ಲಿ?"

"ನೀನೇ ಕಟ್ಟಿದ್ದಲ್ವಾ? ನಿಂಗೇ ಗೊತ್ತಿರ್ಬೇಕು."

"ನಾನು ಕಟ್ಟಿಲ್ಲ... ಎಮಿಲ್ ಕಟ್ಟಿದ್ದು. ಎಲ್ಲಾ ಎಮಿಲ್ಲೇ! ಯಾವುದು ಎಲ್ಲಿದೆ ನಂಗೊತ್ತಿಲ್ಲ ಕಾರ್ಲಿಸ್!"

ಆ ರನ್‌ವೇಯ ರೇಡಿಯೋವನ್ನು ಪ್ಯಾನ್‌ಕೇಕ್ ಡೇರೆಯ ಧ್ವನಿವರ್ಧಕಕ್ಕೆ ಜೋಡಿಸಿರುತ್ತಾರೆ. ಬಂದು ಹೋಗುವ ವಿಮಾನಗಳ ಮಾತು ಕೇಳುತ್ತ ತಿನ್ನಲಿ ಎಂದು. ಇನ್ನೂರು ಜನ ತಿನ್ನುವುದು ನಿಲ್ಲಿಸಿದ್ದರಂತೆ.

"ವರ್ಲಿನ್, ನನ್ನ ಮಾತು ಕೇಳು," ಎಂದು ಓರ್ಫಾ ರೇಡಿಯೋ ಕಿತ್ತುಕೊಂಡಳು. "ಸ್ಟಿಕ್‌ನ ಎರಡು ಬೆರಳಲ್ಲಿ ಹಿಡಿ. ಜಗ್ಗಬೇಡ. ವೇಗ ಇಳಿಸು. ದೂರದಿಂದ ನೇರ ಬಾ, ನಿಧಾನ ಬಾ. ನಾನು ನಿನ್ ಮುಂದೆ ಹೋಗ್ತೀನಿ, ನನ್ನ ಬಾಲ ನೋಡ್ಕೊಂಡು ಬಾ."

ಹಾಗೆ ನಾವು ಇಳಿದೆವು. ಮುಂದೆ ಕೋಳಿ ಕೊಟ್ಟಿಗೆಯಿಂದ ಬಂದ ಬಟ್ಟೆ ವಿಮಾನ. ಹಿಂದೆ ಬಹುಮಾನಕ್ಕೆ ಬಂದ ಬಿಳಿ ವಿಮಾನ. ನಾನು ಕತ್ತು ತಿರುಗಿಸಿ ಹಿಂದೆಯೇ ನೋಡುತ್ತಿದ್ದೆ. ಅವನು ಸ್ಟಿಕ್ ಅಲ್ಲಾಡಿಸಿದಾಗೆಲ್ಲ ರೇಡಿಯೋದಲ್ಲಿ ಆಕೆಯ ಉಸಿರು ಒಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಕೇಳುವುದು ನನಗೆ ಪ್ರೊಪೆಲ್ಲರ್ ಮುಂದೆ ನಿಂತದ್ದಕ್ಕಿಂತ ಕಷ್ಟವಾಯಿತು.

"ಕೈ ಹೇಗಿದೆ ಅಮ್ಮಾ?"

"ಮಾತಾಡಿಸ್ಬೇಡಿ."

ಆಕೆ ಬೋಲ್ಟು ಹಿಡಿದು ಒಂಬತ್ತು ನಿಮಿಷವಾಗಿತ್ತು. ನೆಲ ಹತ್ತಿರ ಬಂದಾಗ ಮೂತಿ ಎತ್ತಲೇಬೇಕು. ಸ್ಟಿಕ್ ಪೂರ್ತಿ ಹಿಂದೆ ಬರಲೇಬೇಕು. ಎತ್ತಿದ. ಕಾರ್ಲಿಸ್ ಕಿರುಚಿದಳು.

ಚಕ್ರ ಹುಲ್ಲು ಮುಟ್ಟಿತು. ಪುಟಿಯಿತು. ಮತ್ತೆ ಮುಟ್ಟಿತು. ನಿಂತಿತು.

ಡಾಕ್ಟರ್ ಮೊದಲು ಇಳಿದ. ಸಾಲಾಗಿ ನಿಂತ ಜನರ ಕಡೆ ನೋಡಿ ನಗಲು ಪ್ರಯತ್ನಿಸಿದ.

"ಲ್ಯಾಂಡಿಂಗ್ ಮಾತ್ರ... ಚೆನ್ನಾಗಿತ್ತು ಅಲ್ವಾ?"

ಒಬ್ಬ ತೀರ್ಪುಗಾರ ತನ್ನ ಪಟ್ಟಿಯಲ್ಲಿ ಆ ವಿಮಾನದ ಹಾಳೆಯನ್ನು ಹರಿದು ಮಡಚಿ ಜೇಬಿಗಿಟ್ಟುಕೊಂಡ.

ಕಾರ್ಲಿಸ್ ಇಳಿದಿರಲಿಲ್ಲ. ಇಳಿಯಲು ಆಗುತ್ತಿರಲಿಲ್ಲ! ತೋರುಬೆರಳು ಸರಳಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಾನೂ ಓರ್ಫಾಳೂ ಸ್ಪ್ಯಾನರ್ ಹಿಡಿದು ಹತ್ತು ನಿಮಿಷ ಒದ್ದಾಡಿ ಬಿಡಿಸಿದೆವು. ಉಗುರು ಕಪ್ಪಾಗಿ ಹೋಗಿತ್ತು. ಆಕೆ ಅಳಲಿಲ್ಲ. ಸ್ಕಾರ್ಫ್ ಬಿಚ್ಚಿ ಬೆರಳಿಗೆ ಸುತ್ತಿಕೊಂಡಳು.

ಗಂಡ ಹತ್ತಿರ ಬಂದ. "ಕಾರ್ಲಿಸ್, ನಾನು..."

"ಕಾರಿನ ಕೀಲಿ ಕೊಡು," ಎಂದಳು.

ಕೊಟ್ಟ. ಆಕೆ ಒಂದೇ ಕೈಯಲ್ಲಿ ಗಾಡಿ ಓಡಿಸಿಕೊಂಡು ಹೋದಳು. ಹೋದ ದಿಕ್ಕಿನಲ್ಲಿ ಆಸ್ಪತ್ರೆಯೂ ಇತ್ತು, ಆಕೆಯ ಅಕ್ಕನ ಮನೆಯೂ ಇತ್ತು. ಎರಡು ಕಡೆಗೂ ಹೋದಳೆಂದು ಆಮೇಲೆ ಕೇಳಿದೆ.

ಸೋಮವಾರ ಸರ್ಕಾರದ ತನಿಖಾಧಿಕಾರಿ ಬಂದ. ಡಾಕ್ಟರನ ಸರ್ಟಿಫಿಕೇಟು ಕಿತ್ತುಕೊಂಡ. ಆಲ್ಬಮ್ ಪೂರ್ತಿ ನೋಡಿ, ಅಂಗಿ ಚೆನ್ನಾಗಿದೆ ಎಂದ. ನನಗೊಂದು ಫಾರಂ ಕೊಟ್ಟು ತುಂಬಲು ಹೇಳಿದ.

ಮೂರನೆಯ ಪ್ರಶ್ನೆ: ಈ ವಿಮಾನದಲ್ಲಿ ಮಾಲೀಕರ ಮನೆಯವರು ತಮ್ಮ ಕೈಯಾರೆ ಮಾಡಿದ ಕೆಲಸ ಒಟ್ಟು ಎಷ್ಟು?

ನಾನು ಸುಳ್ಳು ಬರೆಯುವವನಲ್ಲ.

'ಒಂಬತ್ತು ನಿಮಿಷ' ಎಂದು ಬರೆದೆ. 'ಮಾಡಿದವರು: ಹೆಂಡತಿ.'