ಬಾನೆಟ್ ಮೇಲಿನ ಕೈ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಡೆದದ್ದು ಹಾಡಹಗಲಲ್ಲಿ.

ನಮ್ಮಪ್ಪ ಮಾರೆಣ್ಣ ಬದುಕಿರುವವರೆಗೂ ನಮ್ಮ ಹಳೇ ಮಿನಿಲಾರಿಗೆ ಟೆಂಪರೇಚರ್ ಮೀಟರ್ ಹಾಕಿಸಲು ಬಿಡಲಿಲ್ಲ. ಗಾಡಿ ನಿಲ್ಲಿಸಿ, ಬಾನೆಟ್ ಮೇಲೆ ಅಂಗೈ ಊರಿ, ಇಂಜಿನ್ ಎಷ್ಟು ಕಾದಿದೆ ಅಂತ ಹೇಳಿಬಿಡುತ್ತಿದ್ದ. "ನನ್ನ ಕೈ ಐತಲ್ಲ ನೇತ್ರಾ, ಮೀಟರ್ ಯಾಕ ಬೇಕು?"

ಅಪ್ಪ ತೀರಿಕೊಂಡ ಮೇಲೆ ಗಾಡಿ ನನ್ನದಾಯಿತು. ಬಳ್ಳಾರಿ ಗಾಂಧಿನಗರದ ಮೆಕ್ಯಾನಿಕ್ ಭೀಮರಾಜಣ್ಣನ ಹತ್ತಿರ ಹೋಗಿ ಮೊದಲು ಮೀಟರ್ ಹಾಕಿಸಿದೆ.

ಮರುದಿನ ಸಿರುಗುಪ್ಪದಿಂದ ಅಕ್ಕಿ ಮೂಟೆ ಹೇರಿಕೊಂಡು ಹೊರಟೆ. ಕೆಂಡದಂಥ ಬಿಸಿಲು, ಮೈತುಂಬ ಲೋಡು; ಆದರೂ ಮೀಟರಿನ ಮುಳ್ಳು ಮೇಲೇಳಲೇ ಇಲ್ಲ. ಕುರುಗೋಡಿನ ಹತ್ತಿರ ಇಳಿದು ಬಾನೆಟ್ ಮುಟ್ಟಿದೆ. ಚುರ್ ಅಂತ ಕೈ ಸುಟ್ಟಿತು. ನಡುವೆ ಅಂಗೈಯಗಲದ ಜಾಗ ಮಾತ್ರ ನೀರಿನ ಗಡಿಗೆಯ ಹಾಗೆ ತಣ್ಣಗಿತ್ತು.

ಭಯಕ್ಕಿಂತ ಸಿಟ್ಟೇ ಬಂತು. "ಕೈ ತೆಗಿಯಪ್ಪ! ಗಾಡಿ ಈಗ ನಂದೈತಿ" ಎಂದು ರೋಡಿನಲ್ಲೇ ಗದರಿದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಮುಳ್ಳು ನಿಧಾನವಾಗಿ ಮೇಲೇರಿತು.

ಬಳ್ಳಾರಿಗೆ ಬಂದು ನಡೆದದ್ದನ್ನು ಹೇಳಿದಾಗ ಭೀಮರಾಜಣ್ಣನ ಮುಖ ಬಿಳಚಿಕೊಂಡಿತು. "ಮೀಟರ್ ಬಿಚ್ಚಿಬಿಡ್ಲೇನವ್ವ?"

"ಯಾಕ ಬಿಚ್ಚಬೇಕಣ್ಣ? ಬಾನೆಟ್ಟಿಗೂ ನನಗ ಬೇಕಾದ ಕೆಂಪು ಬಣ್ಣ ಹೊಡೀರಿ."

ಹೊಡೆದ. ಅದಾಗಿ ತಿಂಗಳಾಯಿತು, ಗಾಡಿ ದಿನವೂ ಬಳ್ಳಾರಿ ಬಿಸಿಲಲ್ಲೇ ನಿಲ್ಲುತ್ತದೆ. ಬಣ್ಣವೆಲ್ಲ ಒಣಗಿ ಗಟ್ಟಿಯಾಗಿದೆ. ನಡುವಿನ ಆ ಅಂಗೈಯಗಲ ಮಾತ್ರ ಇನ್ನೂ ಹಸಿ; ಮುಟ್ಟಿದರೆ ಇವತ್ತಿಗೂ ಬೆರಳಿಗೆ ಹತ್ತುತ್ತದೆ.