ತೋಳಿಗೆ ಕಟ್ಟಿದ ಕರಡಿಗೆ

ಮೂರು ತಿಂಗಳ ಮೇಲೆ ತನ್ನ ಎದೆ ಮುಟ್ಟಿದ ಹೆಂಡತಿ ವಾಣಿಯ ಕೈಯನ್ನು ಬಕ್ಕೇಶ ತಳ್ಳಿಬಿಟ್ಟ!

'ಉಸಿರಾಡೋಕೆ ತ್ರಾಣ ಇಲ್ಲ. ನನ್ನ ತಳ್ಳೋಕೆ ಮಾತ್ರ ಬಲ ಬಂತಾ...'

ದಾವಣಗೆರೆಯ ಆಸ್ಪತ್ರೆಯ ಐಸಿಯು. ನ್ಯುಮೋನಿಯಾ ಅವನ ಎರಡೂ ಶ್ವಾಸಕೋಶ ಹಿಡಿದಿತ್ತು. ಮುಖಕ್ಕೆ ಬಿಗಿದ ಮಾಸ್ಕಿನೊಳಗೆ ಮಷೀನು ಗಾಳಿ ದಬ್ಬುತ್ತಿತ್ತು. ಆದರೂ ಆಕ್ಸಿಜನ್ ಎಂಬತ್ನಾಲ್ಕು.

"ಬೋರಲು ಮಲಗಿದ್ರೆ ಬೆನ್ನಿನ ಕಡೆಗೂ ಗಾಳಿ ಹೋಗುತ್ತೆ ಕಣ್ರಿ. ಇವ್ರು ಒಪ್ತಾನೇ ಇಲ್ಲ," ಅಂದಳು ನರ್ಸ್ ನಸೀಮಾ. "ಸಂಜೆಯೊಳಗೆ ಏರ್ಲಿಲ್ಲ ಅಂದ್ರೆ ಗಂಟಲಿಗೆ ಪೈಪ್ ಇಳಿಸಿ ವೆಂಟಿಲೇಟರ್ ಹಾಕ್ತಾರೆ. ನಿಮ್ಮ ಮಾತಾದ್ರೂ ಕೇಳ್ತಾರೇನೋ ಅಂತ ಹರಿಹರದಿಂದ ಕರೆಸಿದ್ವಿ."

ಪಕ್ಕದ ಹಾಸಿಗೆಯವರಿಗೆ ನಿನ್ನೆ ಪೈಪ್ ಹಾಕಿದ್ದರಂತೆ. ಈಗ ಆ ಹಾಸಿಗೆ ಖಾಲಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರದು ಮೂರು ತಿಂಗಳು ಉಪವಾಸ ಮಲಗಿತ್ತು! 'ತವರಿಗೇ ಹೋಗು' ಅಂದವನು ಒಂದು ಫೋನೂ ಮಾಡಿರಲಿಲ್ಲ.

"ರೀ, ಸಿಟ್ಟು ಆಮ್ಯಾಲೆ ತೀರಿಸ್ಕೊಳ್ರಿ. ಈಗ ಹೊರಳ್ರಿ..."

ಮತ್ತೆ ತಳ್ಳಿದ. ಅವನ ಮುಷ್ಟಿ ಎದೆಯ ಮೇಲೇ ಬಿಗಿಯಿತು.

ಅಳು ಉಕ್ಕಿತು. ಕಣ್ಣೊರೆಸಿಕೊಂಡಾಗ ಕಂಡಿತು... ಮುಷ್ಟಿಯೊಳಗೆ ಕೊರಳ ಶಿವದಾರದ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ!

'ಅಯ್ಯೋ ಪೆದ್ದಿ! ಇವರು ತಳ್ಳಿದ್ದು ನನ್ನನ್ನಲ್ಲ. ಇಷ್ಟಲಿಂಗವನ್ನು ಮೈಕೆಳಗೆ ಒತ್ತಿ ಹೆಂಗೆ ಮಲಗ್ತಾರೆ? ತೆಗೆದಿಟ್ಟರೆ ಜೀವವೇ ಹೋದಂಗೆ ಅನ್ನೋ ಮನೆತನ...'

ಅವನ ಕಿವಿಗೆ ಬಗ್ಗಿದಳು. "ನಮ್ಮಜ್ಜ ಹೊಳೆಗೆ ಇಳಿಯುವಾಗ ತೋಳಿಗೆ ಕಟ್ಕಂತಿದ್ರು. ನಾನೂ ಹಂಗೇ ಕಟ್ಲಾ? ಮೈ ಬಿಟ್ಟು ಹೋಗಲ್ಲರೀ."

ಬಕ್ಕೇಶನ ಕಣ್ಣು ತುಂಬಿತು. ಮುಷ್ಟಿ ಸಡಿಲಾಯಿತು.

ಶಿವದಾರವನ್ನು ಎರಡು ಸುತ್ತು ಸುತ್ತಿ ಕರಡಿಗೆಯನ್ನು ತೋಳಿಗೆ ಕಟ್ಟಿದಳು. ಮಾಸ್ಕ್ ಜರುಗದಂತೆ ಅವಳೂ ನಸೀಮಾಳೂ ಸೇರಿ ಅವನನ್ನು ಬೋರಲು ಮಲಗಿಸಿದರು.

ಎಂಬತ್ಮೂರು... ಎಂಬತ್ತೆರಡು... ವಾಣಿ ಮಷೀನಿನ ಅಂಕಿಯಿಂದ ಕಣ್ಣು ಕೀಳಲಿಲ್ಲ. ಎಂಬತ್ತೊಂಬತ್ತಕ್ಕೆ ಏರಲು ಒಂದು ಗಂಟೆ ಹಿಡಿಯಿತು.

"ಗಂಡಾಂತರ ಇನ್ನೂ ಕಳೆದಿಲ್ಲ," ಅಂದಳು ನಸೀಮಾ. "ಆದ್ರೆ ಇವತ್ತಿಗೆ ಪೈಪ್ ಬ್ಯಾಡ ಅಂದ್ರು ಡಾಕ್ಟ್ರು."

ದಿಂಬಿಗೆ ಒರಗಿದ ಅವನ ಮುಖ ಕಾಣುವಂತೆ ವಾಣಿ ನೆಲದಲ್ಲೇ ಕುಕ್ಕರಿಸಿದಳು.

"ಒಂದು ಫೋನ್ ಮಾಡಬಾರ್ದಿತ್ತಾ?"

ಒಂದೊಂದು ಮಾತಿಗೆ ಒಂದೊಂದು ಉಸಿರು ಬೇಕಿತ್ತು ಅವನಿಗೆ. "ಹೋಗು ಅಂದ... ಬಾಯಲ್ಲಿ... ಬಾ ಅನ್ನೋಕೆ... ನಾಚಿಕೆ..."

"ಈಗ ಅನ್ರಿ."

"ಬಾ..."

"ಬಂದೀನಿ ತಗೊಳ್ರಿ. ಇನ್ನು ಮಾತಾಡಬ್ಯಾಡ್ರಿ... ಉಸಿರಾಡ್ರಿ."