ಒಂಟಿ ಚಪ್ಪಲಿ

"ನನ್ನ ಕಡ್ಲಿ ಸತ್ತಾವ ಅಂತ ಬರದವರು ಯಾರ್ರಿ?"

ಬೀಜ ಪರೀಕ್ಷೆಯ ಲ್ಯಾಬಿನ ಬಾಗಿಲಲ್ಲಿ ನಿಂತವನ ದನಿ ಅಷ್ಟೇನೂ ದೊಡ್ಡದಿರಲಿಲ್ಲ. ಆದರೂ ರಾಜೇಶ್ವರಿ ಗಾಬರಿಯಿಂದ ಸುತ್ತ ನೋಡಿದಳು.

ಯಾಕೆಂದರೆ ಅವಳ ಮೇಜಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಎರಡೂವರೆ ವರ್ಷದ ಮಗಳು ಮಾನಸಿ ಕೂತಿದ್ದಳು. ಲ್ಯಾಬಿಗೆ ಮಕ್ಕಳನ್ನು ಕರೆತರುವಂತಿರಲಿಲ್ಲ. ಆದರೆ ದಿನವೂ ಮಗುವನ್ನು ನೋಡಿಕೊಳ್ಳುವ, ಕೆಳಗಿನ ಮನೆಯ ಶೇವಂತೆವ್ವ ಅಂದು ಮುಗದ ಊರಿನ ಮಗಳ ಮನೆಗೆ ಹೋಗಿದ್ದಳು. ರಜೆಯೆಲ್ಲ ಮಗುವಿನ ಜ್ವರ, ನೆಗಡಿಗಳಿಗೇ ಮುಗಿದುಹೋಗಿದ್ದವು.

"ನಾನ ಬರದದ್ದು. ಸ್ವಲ್ಪ ಮೆಲ್ಲಕ ಮಾತಾಡ್ರಿ," ಎಂದಳು.

"ಹೆಂಗ ಮೆಲ್ಲಕ ಮಾತಾಡ್ಲಿ? ನೂರು ಬೀಜದಾಗ ನಲವತ್ತೊಂದ ಹುಟ್ಟತಾವ ಅಂದ್ರ ನಮ್ಮೂರ ಮಂದಿ ಈ ಸಲ ಏನ ಬಿತ್ತಬೇಕ್ರಿ?"

ಅವನು ಶಿರಗುಪ್ಪಿಯ ಕುಮಾರಸ್ವಾಮಿ. ಊರಿನ ರೈತರ ಬೀಜದ ಗುಂಪನ್ನು ನಡೆಸುವವನು. ವಯಸ್ಸು ಮೂವತ್ತನಾಲ್ಕು, ಕಾಲಿಗೆ ಇನ್ನೂ ಹೊಲದ ಎರೆಮಣ್ಣು.

ಉತ್ತರ ಕೊಡಲು ಅವಳು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮೇಜಿನ ಕೆಳಗಿನಿಂದ ಅಳು ಕೇಳಿತು. ಮಾನಸಿ ತೆವಳಿಕೊಂಡು ಹೊರಗೆ ಬಂದಳು, ಒಂದು ಬೆರಳು ಮೂಗಿನ ಮೇಲಿತ್ತು.

"ಅವ್ವಾ... ಕಡ್ಲಿ ಒಳಗ ಹೋತು."

ರಾಜೇಶ್ವರಿ ಮಗುವಿನ ಮೂಗಿಗೆ ಬೆರಳು ಹಾಕಲು ಹೋದಳು.

"ಬೆರಳ ಹಾಕಬ್ಯಾಡ್ರಿ, ಇನ್ನಾ ಒಳಗ ಹೋಗತೈತಿ," ಎನ್ನುತ್ತ ಕುಮಾರಸ್ವಾಮಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವನ ಸಿಟ್ಟು ಎಲ್ಲಿ ಹೋಯಿತೋ. "ನಮ್ಮಕ್ಕನ ಮಗನಿಗೆ ಡಾಕ್ಟರ್ ಹಿಂಗ ಮಾಡಿಸಿದ್ರು. ಆ ಕಡೀ ಮೂಗು ಒತ್ತಿ ಹಿಡೀರಿ. ಮುದ್ದು ಕೊಟ್ಟಂಗ ಬಾಯಿಗೆ ಬಾಯಿ ಇಟ್ಟು ಒಮ್ಮೆ ಜೋರಾಗಿ ಊದ್ರಿ."

ಅವಳು ಊದಿದಳು. ಕಡಲೆ ಟಪ್ಪನೆ ಹಾರಿ ಕುಮಾರಸ್ವಾಮಿಯ ಅಂಗಿಯ ಮೇಲೆ ಬಿತ್ತು.

ಮಾನಸಿ ಅಳು ನಿಲ್ಲಿಸಿ ಅವನನ್ನೇ ನೋಡಿದಳು. ಅವನು ಕಡಲೆಯನ್ನು ಎತ್ತಿ ಬೆಳಕಿಗೆ ಹಿಡಿದ.

"ಇದು ಒಂದು ಮಾತ್ರ ಹುಟ್ಟೂದಿಲ್ಲ ಬಿಡ್ರಿ."

ನಗಬೇಕೋ ಅಳಬೇಕೋ ತಿಳಿಯದೆ ರಾಜೇಶ್ವರಿ ಎರಡನ್ನೂ ಮಾಡಿದಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು, "ನಿಮಗ ಕೊಟ್ಟದ್ದು ಐದನೇ ದಿನದ ಎಣಿಕೆ. ಕಡ್ಲಿಗೆ ಎಂಟು ದಿನ ಕಾಯಬೇಕು. ಆಮ್ಯಾಲ ಸತ್ತಾವೋ ಇದ್ದಾವೋ ಅಂತ ಬರಿಯೂದು."

ಎಂಟನೇ ದಿನ ಅವನು ಬಂದ. ನೂರಕ್ಕೆ ಎಂಬತ್ತೆಂಟು ಮೊಳೆತಿದ್ದವು.

"ಅವಸರ ಮಾಡಿದೆ. ತಪ್ಪಾತರಿ," ಅಂದ. ತಪ್ಪನ್ನು ಹೀಗೆ ನೆಟ್ಟಗೆ ಒಪ್ಪಿಕೊಳ್ಳುವ ಗಂಡಸನ್ನು ಅವಳು ನೋಡಿ ಬಹಳ ದಿನವಾಗಿತ್ತು.

*

ರಾಜೇಶ್ವರಿಯ ದಿನ ಶುರುವಾಗುತ್ತಿದ್ದುದೇ ಚಪ್ಪಲಿ ಹುಡುಕುವುದರಿಂದ.

ಉಣಕಲ್ಲಿನ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಐದಕ್ಕೇ ಎದ್ದು ರೊಟ್ಟಿ, ಪಲ್ಯ, ಮಗುವಿನ ಗಂಜಿ, ಸ್ನಾನ ಎಲ್ಲ ಮುಗಿಸಿ ಬಾಗಿಲಿಗೆ ಬಂದರೆ, ಒಂದು ಚಪ್ಪಲಿ ಇರುತ್ತಿರಲಿಲ್ಲ. ಒಂದು ದಿನ ಅಕ್ಕಿ ಡಬ್ಬಿಯ ಹಿಂದೆ, ಇನ್ನೊಂದು ದಿನ ಹಾಸಿಗೆಯ ಸುರುಳಿಯೊಳಗೆ.

"ಚಪ್ಪಲಿ ಇಲ್ಲ. ಅವ್ವ ಹೋಗಂಗಿಲ್ಲ," ಅನ್ನುತ್ತಿದ್ದಳು ಮಾನಸಿ, ಎರಡೂ ಕೈ ಬಿಚ್ಚಿ ತೋರಿಸುತ್ತ.

ಅವ್ವ ಹೋಗಲೇಬೇಕಿತ್ತು. ಶೇವಂತೆವ್ವನ ಕೈಗೆ ಮಗುವನ್ನು ಕೊಟ್ಟು, ಅಳು ಕೇಳಿಸದಷ್ಟು ದೂರ ಓಡಿ, ಧಾರವಾಡದ ಚಿಗರಿ ಬಸ್ಸು ಹತ್ತಿದ ಮೇಲೆ ಅವಳು ಉಸಿರು ಬಿಡುತ್ತಿದ್ದಳು. ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡರೆ, 'ಇವಳು ಯಾರು, ಇಷ್ಟು ದಣಿದವಳು...' ಅನಿಸುತ್ತಿತ್ತು.

ಮಾನಸಿಗೆ ಐದು ತಿಂಗಳಿದ್ದಾಗ ಗಂಡ ಅಪಘಾತದಲ್ಲಿ ತೀರಿಕೊಂಡಿದ್ದ. ತವರಿನಿಂದ ಅಣ್ಣ, ಅತ್ತಿಗೆ ಕರೆದಿದ್ದರು. ಕರೆದ ದನಿಯಲ್ಲೇ ಬರಬೇಡ ಎಂಬುದೂ ಇತ್ತು. ಅವಳು ಹೋಗಲಿಲ್ಲ.

ಕಷ್ಟವನ್ನು ಹೇಗೋ ಹೊರಬಹುದು. ಒಬ್ಬಳೇ ಹೊರಲಾಗದ್ದು ಸುಖದ ಸುದ್ದಿ. ಒಂದು ಸಂಜೆ ಶೇವಂತೆವ್ವ, "ಇವತ್ತ ನಿನ್ನ ಮಗಳು ಆಕಾಶದಾಗಿನ ಚಂದಪ್ಪನ್ನ ನೋಡಿ 'ಒಬ್ಬನ ಅದಾನ ಪಾಪ' ಅಂದಳವ್ವ," ಎಂದಾಗ ರಾಜೇಶ್ವರಿ ಖುಷಿಯಿಂದ ಫೋನು ಕೈಗೆತ್ತಿಕೊಂಡಳು, ಯಾರಿಗಾದರೂ ಹೇಳೋಣ ಅಂತ. ಹೆಸರುಗಳ ಪಟ್ಟಿಯನ್ನು ಕೊನೆಯ ತನಕ ಸರಿಸಿದಳು. ಫೋನು ಕೆಳಗಿಟ್ಟು ಹಾಲು ಕಾಯಿಸಲು ಎದ್ದಳು.

ಆ ಪಟ್ಟಿಗೆ ಈಗ ಕುಮಾರಸ್ವಾಮಿಯ ಹೆಸರು ಸೇರಿತ್ತು.

ಒಂದೇ ರಾಶಿಯ ಬೀಜಕ್ಕೆ ಅವನು ಮೂರು ಸಲ ಪರೀಕ್ಷೆ ಮಾಡಿಸಿದ! ಬೀಜದ ಬಗ್ಗೆ ಅನುಮಾನ ಅವನಿಗೆ ಉಳಿದಿರಲಿಲ್ಲ ಅಂತ ಲ್ಯಾಬಿನ ಜವಾನ ಬೀರಪ್ಪನಿಗೂ ತಿಳಿಯಿತು. ಬರುವಾಗ ಮಾನಸಿಗೆ ಪೇರಲ ತರುತ್ತಿದ್ದ. ರವಿವಾರ ಉಣಕಲ್ ಕೆರೆಯ ದಂಡೆಗೆ ಬಂದು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದ. ಮಾನಸಿ ಅವನಿಗೆ 'ಕಡ್ಲಿ ಕಾಕಾ' ಎಂದು ಹೆಸರಿಟ್ಟಳು. ಮಗು ಹೊಸ ಮಾತು ಆಡಿದ ದಿನ ರಾಜೇಶ್ವರಿಯ ಬೆರಳು ತಾನಾಗಿಯೇ ಅವನ ಹೆಸರಿನ ಮೇಲೆ ಹೋಗುತ್ತಿತ್ತು.

ಅದೇ ಅವಳ ಭಯವಾಗಿತ್ತು. 'ನಾನಾದರೆ ತಡೆದುಕೊಂಡೇನು. ಮಗಳು ಒಬ್ಬನ ದಾರಿ ಕಾಯಲು ಕಲಿತು, ಅವನು ಬರದೇ ಹೋದರೆ?'

ಎಳ್ಳಮವಾಸ್ಯೆಗೆ ಅವನು ಹೊಲಕ್ಕೆ ಕರೆದ.

"ಅವ್ವ ನಿಮ್ಮನ್ನ ನೋಡಬೇಕಂತಾಳ್ರಿ," ಅಂದ, ಕೆರೆಯ ಕಡೆ ನೋಡುತ್ತ.

ಅವಳು ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ತೆಗೆದಳು.

ಶಿರಗುಪ್ಪಿಯ ಹೊಲದಲ್ಲಿ ಕಡಲೆ ಮೊಣಕಾಲೆತ್ತರಕ್ಕೆ ಬಂದಿತ್ತು. ನೆಂಟರೆಲ್ಲ ಸೇರಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿದರು, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಉಂಡರು. ಅವನ ತಾಯಿ ಶಿವಲಿಂಗವ್ವ ಹೆಚ್ಚು ಮಾತನಾಡಲಿಲ್ಲ. ಮಾನಸಿಯ ತಲೆ ನೇವರಿಸಿದಳು, ರಾಜೇಶ್ವರಿಯ ಎಲೆಗೆ ತಾನೇ ತುಪ್ಪ ಬಡಿಸಿದಳು. 'ಇಲ್ಲಿ ನನಗೊಂದು ಜಾಗ ಇದೆ...' ಅಂತ ಮೊದಲ ಬಾರಿಗೆ ಅವಳಿಗೆ ಅನಿಸಿತು.

ಹೊರಡುವ ಹೊತ್ತಿಗೆ ಮನೆಯ ಹಿರಿಯ ಸೊಸೆ ಹರಿವಾಣ ಹಿಡಿದು ಬಂದಳು. ಸಾಲಾಗಿ ನಿಂತ ಹೆಂಗಸರಿಗೆ ಒಬ್ಬೊಬ್ಬರಿಗೆ ಸೆರಗಿನಲ್ಲಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು, ರವಿಕೆಯ ಖಣ. ಸಾಲಿನ ತುದಿಯಲ್ಲಿದ್ದ ರಾಜೇಶ್ವರಿ ತನಗೇ ಗೊತ್ತಿಲ್ಲದೆ ಸೆರಗು ಹಿಡಿದಿದ್ದಳು.

ಹರಿವಾಣ ಅವಳ ಮುಂದೆ ಬಂದು ನಿಂತಿತು. ಸೊಸೆ ಅತ್ತೆಯ ಮುಖ ನೋಡಿದಳು. ಶಿವಲಿಂಗವ್ವ ತಲೆ ತಗ್ಗಿಸಿದಳು. ಹರಿವಾಣ ಒಳಗೆ ಹೋಯಿತು.

ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ಇದೇನು ಅವಳಿಗೆ ಗೊತ್ತಿಲ್ಲದ ಮಾತೇ? ಹಿಡಿದ ಸೆರಗನ್ನು ಬಿಟ್ಟಳು, ಮಗುವನ್ನು ಎತ್ತಿಕೊಂಡಳು. ಬಸ್ಸಿನಲ್ಲಿ ಕೂತ ಮೇಲೆ ಕುಮಾರಸ್ವಾಮಿಗೆ ಒಂದೇ ಸಾಲು ಬರೆದಳು. 'ಇನ್ನ ಮ್ಯಾಲ ಫೋನ್ ಮಾಡಬ್ಯಾಡ್ರಿ, ಬರಲೂ ಬ್ಯಾಡ್ರಿ.'

ಅವನು ಫೋನ್ ಮಾಡಲಿಲ್ಲ. ಬರಲೂ ಇಲ್ಲ. ಹೇಳಿದ ಮಾತು ಕೇಳುವವರ ಮೇಲೂ ಹೆಣ್ಣಿಗೆ ಸಿಟ್ಟು ಬರುತ್ತದೆ ಅಂತ ಆ ದಿನಗಳಲ್ಲಿ ಅವಳಿಗೆ ತಿಳಿಯಿತು.

"ಕಡ್ಲಿ ಕಾಕಾ ಯಾವಾಗ ಬರತಾನ?" ಮಾನಸಿ ದಿನವೂ ಕೇಳಿದಳು.

"ಬರಂಗಿಲ್ಲವ್ವ."

"ನಾಳೆ ಬರತಾನ," ಎಂದು ಮಗುವೇ ತಾಯಿಗೆ ಸಮಾಧಾನ ಹೇಳುತ್ತಿತ್ತು. ರವಿವಾರ ಕೆರೆಯ ದಂಡೆಯಲ್ಲಿ ಮಾನಸಿ ಯಾವ ಹೆಗಲೂ ಇಲ್ಲದೆ ಸುಮ್ಮನೆ ನಡೆದಳು. ರಾಜೇಶ್ವರಿ ಹಿಂದೆ ತಿರುಗಿ ನೋಡಬಾರದೆಂದುಕೊಂಡು, ನೋಡಿದಳು. ಯಾರೂ ಇರಲಿಲ್ಲ.

*

ಎಂಟನೇ ದಿನ ಸಂಜೆ ಅವಳು ಲ್ಯಾಬಿನಿಂದ ಬರುವಷ್ಟರಲ್ಲಿ ಶೇವಂತೆವ್ವನ ಕಟ್ಟೆಯ ಮೇಲೆ ಶಿವಲಿಂಗವ್ವ ಕೂತಿದ್ದಳು. ತೊಡೆಯ ಮೇಲೆ ಮಾನಸಿ, ಪಕ್ಕದಲ್ಲಿ ಬಿಳಿ ಬಟ್ಟೆಯ ಗಂಟು. ಕುಮಾರಸ್ವಾಮಿ ಗೇಟಿನ ಹೊರಗೇ ನಿಂತಿದ್ದ.

"ನೀವು ಬರಬ್ಯಾಡ ಅಂದದ್ದು ನನಗ," ಅಂದ ಮೆಲ್ಲಗೆ. "ಅವ್ವಗ ಅಂದಿದ್ದಿಲ್ಲಲ್ರಿ."

ರಾಜೇಶ್ವರಿ ಎಲ್ಲರನ್ನೂ ಮೇಲೆ ಕರೆದೊಯ್ದು ಚಾಪೆ ಹಾಸಿದಳು.

"ಇಂವ ವಾರದಿಂದ ಸರಿಯಾಗಿ ಉಂಡಿಲ್ಲವ್ವ. ಇವತ್ತ ಮುಂಜಾನೆ ಬಾಯಿ ಬಿಟ್ಟ," ಶಿವಲಿಂಗವ್ವ ಮಾತು ಶುರುಮಾಡಿದಳು. "ನೀ ತಿಳಕೊಂಡದ್ದು ನನಗ ಗೊತ್ತಾತು. ತಪ್ಪು ನಿಂದಲ್ಲ, ನಂದು."

ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಹಸಿರು ಖಣ. ವೀಳ್ಯದೆಲೆ ಮಾತ್ರ ಬಾಡಿ ಹೋಗಿತ್ತು.

"ಅವತ್ತ ಕಟ್ಟಿಟ್ಟದ್ದು. 'ಆಕಿ ಉಡಿ ನಾನ ತುಂಬತೇನಿ, ನೀ ತುಂಬಬ್ಯಾಡ' ಅಂತ ಸೊಸಿಗೆ ಮೊದಲ ಹೇಳಿದ್ದೆ. ಇವನಪ್ಪ ಹೋಗಿ ಹನ್ನೆರಡು ವರ್ಷ ಆತು. ಅವತ್ತಿನಿಂದ ನಾ ಯಾರ ಉಡೀನೂ ತುಂಬಿಲ್ಲವ್ವ, ನನಗೂ ಯಾರೂ ತುಂಬಿಲ್ಲ. ಈ ಹುಡುಗಿಯಿಂದ ಶುರು ಮಾಡೂಣು ಅಂತ ಮನಸ್ಸು ಗಟ್ಟಿ ಮಾಡಿದ್ದೆ. ಅಷ್ಟು ಮಂದಿ ನೋಡಿ ಅಂಜಿಬಿಟ್ಟೆ."

ಅಂದು ತಗ್ಗಿಸಿದ ಆ ತಲೆಯಲ್ಲಿ ರಾಜೇಶ್ವರಿ ತಾತ್ಸಾರ ಕಂಡಿದ್ದಳು. ಅಲ್ಲಿದ್ದದ್ದು ತನ್ನಂಥದೇ ನೋವು, ಹನ್ನೆರಡು ವರ್ಷ ಹಳೆಯದು.

"ಇವತ್ತೂ ಅಂಜಿಕಿ ಹೋಗಿಲ್ಲ ನೋಡು," ಅಂದಳು ಶಿವಲಿಂಗವ್ವ. "ಸೆರಗ ಹಿಡೀತಿಯೇನವ್ವ?"

ರಾಜೇಶ್ವರಿ ಸೆರಗು ಹಿಡಿದಳು. ಅಕ್ಕಿಯ ಜೊತೆ ಇಬ್ಬರ ಕಣ್ಣೀರೂ ಅದರಲ್ಲಿ ಬಿತ್ತು. ಆಮೇಲೆ ಅವಳು ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಶಿವಲಿಂಗವ್ವನ ಸೆರಗಿಗೆ ಹಾಕಿದಳು.

"ನಿಮಗೂ ಹನ್ನೆರಡು ವರ್ಷ ಆತಲ್ರಿ ಅತ್ತಿ," ಎಂದಳು.

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಬಾಗಿಲಲ್ಲಿ ನಿಂತಿದ್ದ ಕುಮಾರಸ್ವಾಮಿಗೂ ಕೇಳಿಸಿತು. ಶಿವಲಿಂಗವ್ವ ಕಣ್ಣೊರೆಸಿಕೊಂಡು, ಶೇವಂತೆವ್ವನ ಹತ್ತಿರ ಚಹಾ ಕುಡಿದು ಬರುತ್ತೇನೆಂದು ಕೆಳಗಿಳಿದಳು. ಜಾಣ ಹೆಂಗಸು!

"ನಾ ಅವತ್ತ ಹೊಲದಾಗ ಹೇಳಬೇಕಿತ್ತು," ಕುಮಾರಸ್ವಾಮಿ ಅಂದ. "ನಿಮಗ ಆಸರ ಕೊಡತೇನಿ ಅಂತ ನಾ ಬಂದಿಲ್ಲ. ನೀವು ಯಾರ ಆಸರ ಇಲ್ಲದನ ನಿಂತೀರಿ. ನನಗ ನೀವಿಬ್ಬರೂ ಬೇಕಾಗೀರಿ, ಅಷ್ಟ."

"ನನ್ನ ನೌಕರಿ ಬಿಡಂಗಿಲ್ಲ ನಾ."

"ಯಾರು ಬಿಡ ಅಂದ್ರು? ನಾ ಇಲ್ಲೇ ಬಂದಿರತೇನಿ. ಮುಂಜಾನೆ ಗಾಡಿ ಮ್ಯಾಲ ಹೊಲಕ್ಕ ಹೋಗಿ ಬಂದ್ರಾತು. ಅವ್ವನ ಹತ್ತರ ಅಣ್ಣ, ವೈನಿ ಅದಾರ."

ಅವಳು ಉಡಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. "ಐದನೇ ದಿನಕ್ಕ ತೀರ್ಪು ಬರೀಬಾರದು ಅಂತ ನಿಮಗ ಪಾಠ ಹೇಳಿದೆ. ನಾನ ಮೊದಲನೇ ದಿನಕ್ಕ ಬರದುಬಿಟ್ಟೆ," ಎಂದಳು.

"ಎಂಟು ದಿನ ಆತಲ್ರಿ ಈಗ. ಏನ ಬರೀತೀರಿ?"

ಅವಳು ಎರಡು ವರ್ಷದಿಂದ ಯಾರ ಮುಂದೆಯೂ ಇಳಿಸದ ಭಾರವನ್ನೆಲ್ಲ ಇಳಿಸಿ, ಅವನ ತೋಳಿಗೆ ಹಣೆ ಒರಗಿಸಿದಳು.

ಕತ್ತಲಾಗುವ ಮುಂಚೆ ಹೊರಡಬೇಕೆಂದು ಕೆಳಗಿನಿಂದ ಶಿವಲಿಂಗವ್ವ ಕೂಗಿದಳು. ಕುಮಾರಸ್ವಾಮಿ ಬಾಗಿಲಿಗೆ ಹೋಗಿ ಅತ್ತಿತ್ತ ನೋಡಿದ.

"ನನ್ನ ಒಂದ ಚಪ್ಪಲಿ ಕಾಣವಲ್ದಲ್ರಿ."

ಮಾನಸಿ ಅಕ್ಕಿ ಡಬ್ಬಿಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈ ಬಿಚ್ಚಿ ತೋರಿಸಿದಳು. "ಚಪ್ಪಲಿ ಇಲ್ಲ. ಕಾಕಾ ಹೋಗಂಗಿಲ್ಲ."

ರಾಜೇಶ್ವರಿಯ ಕಣ್ಣು ಮತ್ತೆ ತುಂಬಿತು.

"ಎಲ್ಲಾರದೂ ಹಿಂಗ ಬಚ್ಚಿಡತಾಳೇನ್ರಿ?" ಅವನು ಕೇಳಿದ.

"ಇಲ್ಲರಿ," ಎಂದಳು ಅವಳು. "ಇಷ್ಟು ದಿನ ನಂದಷ್ಟ ಬಚ್ಚಿಡತಿದ್ದಳು."